ಮಂಚೇನಹಳ್ಳಿಯ ಬಿಳಿ ಚಪ್ಪಡಿ

12-2-89, ಭಾನುವಾರ

ಬೆಳಿಗ್ಗೆಯಿಂದ ಕಟಿಂಗ್. ಮಂಚೇನಹಳ್ಳಿಯಲ್ಲಿ ಕೆಡವಿದ ಹಳೇ ಬಂಗಲೆಯ ಮಾರ್ಬಲ್ಲು. ಅಂಚೆಲ್ಲ ಮುಕ್ಕಾಗಿದೆ, ಹಿಂಬದಿಗೆ ಹಳೇ ಗಾರೆ ಕಚ್ಚಿಕೊಂಡಿದೆ. ಉಳಿಯಿಂದ ಗಾರೆ ಬಿಡಿಸಿ, ಅಂಚು ನೇರ ಮಾಡಿ... ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಮೈಯೆಲ್ಲ ಬಿಳಿ ಕೆಸರು.

ಈ ಸಲ ಗಿರಾಕಿಗಲ್ಲ, ನಮ್ಮ ಮನೆಗೆ. ಚಿಂತಾಮಣಿಯ ಎಷ್ಟು ಮನೆಗಳ ನೆಲ ಪಾಲಿಶ್ ಮಾಡಿದ್ದೇನೆ. ನಮ್ಮ ಹಜಾರ ಮಾತ್ರ ಇನ್ನೂ ಬರೀ ಸಿಮೆಂಟು. ಅನಸೂಯ ಕೇಳಿದವಳಲ್ಲ. ಹೋದ ವರ್ಷ ಹೆರಿಗೆಯಲ್ಲಿ ನಮ್ಮ ಮಗು ಉಳಿಯದೆ ಹೋದ ಮೇಲಂತೂ ಏನನ್ನೂ ಕೇಳಿಲ್ಲ. ಅವಳಿಗೆ ಎಚ್ಚರ ಬರುವಷ್ಟರಲ್ಲಿ ದೊಡ್ಡವರು ಹೂಳಿ ಬಂದಿದ್ದರು. ಮಗುವಿನ ಮುಖ ಅವಳು ನೋಡಲೇ ಇಲ್ಲ.

ನೆಲವಾದರೂ ಬೆಳ್ಳಗಿರಲಿ.

15-2-89

ಒಂದು ಚಪ್ಪಡಿ ಬೇರೆ ಥರ ಇದೆ. ಎಲ್ಲಕ್ಕಿಂತ ದೊಡ್ಡದು, ಎಲ್ಲೂ ಬಿರುಕಿಲ್ಲ. ನೀರು ಹಾಕಿ ಉಜ್ಜಿದಾಗ ಏನೂ ಇಲ್ಲ. ಒಣಗುತ್ತಾ ಬಂದ ಹಾಗೆ ಒಳಗಿನಿಂದ ಕಂದು ಕಲೆ ಮೇಲೆದ್ದಿತು.

ಮೆಷಿನ್ ಹಿಡಿಯುವ ದಸ್ತಗಿರ್ ಎದ್ದು ನಿಂತ. "ಅಣ್ಣಾ, ಈ ಕಲ್ಲು ಬ್ಯಾಡ. ಯಾರೋ ಮಗ್ಗುಲಾಗಿ ಮಲಗಿರೋ ಹಂಗದೆ."

ನಿಜ. ತಲೆ, ಭುಜ, ಸೊಂಟ, ಮಡಿಸಿದ ಮೊಣಕಾಲು. ಒಂದು ತೋಳು ಬಾಗಿದೆ. ತೋಳಿನೊಳಗೆ ಒಂದಿಷ್ಟು ಜಾಗ ಮಾತ್ರ ಅಚ್ಚ ಬಿಳುಪು.

"ಎಣ್ಣೆ ಕಣೋ. ಎಣ್ಣೆ ಕುಡಿದಿದೆ ಕಲ್ಲು" ಅಂದೆ. ಎಣ್ಣೆ ತೆಗೆಯೋದು ನನಗೆ ಗೊತ್ತಿಲ್ಲದ್ದಲ್ಲ.

17-2-89

ಸೀಮೆಸುಣ್ಣದ ಪುಡಿಯನ್ನು ಪೇಂಟಿನ ತಿನ್ನರಿನಲ್ಲಿ ಕಲಸಿ, ಕಲೆಯ ಮೇಲೆ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿಟ್ಟಿದ್ದೆ. ಇವತ್ತು ಕೆರೆದರೆ ಪುಡಿ ಹಳದಿಗೆ ತಿರುಗಿದೆ. ಅಷ್ಟೂ ಎಣ್ಣೆ ಹೀರಿಕೊಂಡಿದೆ. ಮೂಸಿ ನೋಡಿದೆ. ಹರಳೆಣ್ಣೆ, ಜೊತೆಗೆ ಸಾಂಬ್ರಾಣಿ. ಬಾಣಂತಿ ಕೋಣೆಯ ವಾಸನೆ.

ಅನಸೂಯನಿಗೆ ಹೇಳಲಿಲ್ಲ. ಕೈ ಚೆನ್ನಾಗಿ ತೊಳೆದುಕೊಂಡು ಊಟಕ್ಕೆ ಕೂತೆ. ಬಡಿಸುತ್ತಾ ಸುಮ್ಮನೆ ನನ್ನ ಕೈ ನೋಡಿದಳು.

24-2-89

ಕೂಡಿಸಿ, ಉಜ್ಜಿ, ಪಾಲಿಶ್ ಮುಗಿಯಿತು. ಹಜಾರ ಹೊಳೆಯುತ್ತಿದೆ. ಆ ದೊಡ್ಡ ಚಪ್ಪಡಿ ನಡುಮನೆ ಬಾಗಿಲ ಮುಂದೆ. ಕಲೆ ಪೂರ್ತಿ ಹೋಯಿತು. ದಸ್ತಗಿರ್ ಕೂಡ ಬಗ್ಗಿ ಹುಡುಕಿದ, ಸಿಗಲಿಲ್ಲ.

ಅನಸೂಯ ಬರಿಗಾಲಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಳು. "ಎಷ್ಟು ತಣ್ಣಗದೆ ಅಲ್ವೇನ್ರೀ" ಅಂದಳು. ನಕ್ಕಳು. ಯಾವ ಕಾಲವಾಯಿತೋ ಆ ನಗು ನೋಡಿ.

3-3-89

ಮಧ್ಯಾಹ್ನ ಊಟಕ್ಕೆ ಬಂದಾಗ ಆ ಚಪ್ಪಡಿಯ ಮೇಲೆ ಮಲಗಿದ್ದಳು. ಚಾಪೆ ಇಲ್ಲ, ದಿಂಬಿಲ್ಲ. ಮಗ್ಗುಲಾಗಿ, ಮೊಣಕಾಲು ಮಡಿಸಿ. ಒಂದು ತೋಳು ಬಾಗಿಸಿ.

ಬಾಗಿಲಲ್ಲೇ ನಿಂತುಬಿಟ್ಟೆ.

"ಇಲ್ಲಿ ಬೆಚ್ಚಗದೆ ಕಣ್ರೀ" ಅಂದಳು, ಏಳದೆ.

ಅವಳು ಎದ್ದು ಹೋದ ಮೇಲೆ ಮುಟ್ಟಿ ನೋಡಿದೆ. ಅವಳ ಮೈ ಇದ್ದ ಕಡೆ ಕಲ್ಲು ತಣ್ಣಗೇ ಇತ್ತು. ತೋಳಿನೊಳಗಿನ ಜಾಗ ಮಾತ್ರ ಬೆಚ್ಚಗೆ... ಅಲ್ಲಿ ಅವಳ ಮೈ ತಾಕಿರಲೇ ಇಲ್ಲ.

9-3-89

ಕಲೆ ವಾಪಸು ಬಂದಿದೆ. ಮೊದಲಿಗಿಂತ ಗಾಢ.

ದಿನಾ ಅಲ್ಲೇ ಮಲಗುತ್ತಾಳೆ. ಒಲೆ ಹಚ್ಚುವುದು ಮರೆಯುತ್ತಾಳೆ. ಕೆನ್ನೆ ಒಳಕ್ಕೆ ಹೋಗಿದೆ. ಇವತ್ತು ಬೇಗ ಬಂದೆ. ಏನೋ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಿದೆ. "ಪಣುಕೋ ನಾಯ್ನಾ... ಅಮ್ಮ ಈಡೇ ಉಂಡಾದಿ." ಮಲಗಪ್ಪಾ, ಅಮ್ಮ ಇಲ್ಲೇ ಇದ್ದಾಳೆ ಅಂತ.

ಅನಸೂಯ ಮದ್ದೂರಿನ ಕಡೆಯವಳು. ಈ ಊರಿಗೆ ಬಂದು ಇಷ್ಟು ವರ್ಷವಾದರೂ ತರಕಾರಿಯವಳ ಜೊತೆ ಮಾತಾಡುವಷ್ಟು ತೆಲುಗೂ ಬರುವುದಿಲ್ಲ.

"ಯಾರು ಕಲಿಸಿದ್ದು?" ಅಂದೆ.

"ಏನನ್ನ?" ಅಂದಳು.

12-3-89, ಭಾನುವಾರ

ಮಂಚೇನಹಳ್ಳಿಗೆ ಹೋಗಿ ಬಂದೆ. ಬಂಗಲೆಯಲ್ಲಿ ಕೆಲಸಕ್ಕಿದ್ದ ಗಂಗುಲಮ್ಮ ಅನ್ನುವ ಮುದುಕಿ ಸಿಕ್ಕಳು. ಬಿಸಿಲಿಗೆ ಹುಣಸೆಹಣ್ಣು ಹರಡಿಕೊಂಡು ಕೂತಿದ್ದಳು. ಕಲೆಯ ವಿಷಯ ಎತ್ತಿದ ತಕ್ಷಣ ಅವಳ ಕೈ ನಿಂತಿತು.

"ಕದಿರಮ್ಮ ಮಲಗ್ತಿದ್ದ ಕಲ್ಲು ಕಣಪ್ಪ ಅದು. ಚಿಕ್ಕ ಸೊಸೆ. ಚೊಚ್ಚಲ ಗಂಡುಮಗು, ಹಸಿ ಬಾಣಂತೀಲೇ ಹೋಯ್ತು. ಎತ್ಕೊಂಡೋಗೋವಾಗ ಇವಳಿಗೆ ತೋರಿಸ್ಲಿಲ್ಲ. ಆಮೇಲೆ ಮೈಗೆ ಎಣ್ಣೆ ಹಚ್ಚಿಸ್ಕಳೋದು, ಬಂದು ಆ ಕಲ್ಲಿನ ಮ್ಯಾಲೆ ಮಲಗೋದು. ತೋಳಿನಾಗ ಜಾಗ ಬಿಟ್ಕಂಡು. ಎಷ್ಟು ವರ್ಷ! ಅತ್ತೆ ಬೈದ್ರು, ಗಂಡ ಹೊಡೆದ. ಎಬ್ಬಿಸೋಕೆ ಆಗ್ಲಿಲ್ಲ."

"ಸತ್ತೋದ್ರಾ?"

"ಅಯ್ಯೋ, ಬಿಡ್ತು ಅನ್ನು! ತವರಿಗೆ ಕಳಿಸಿಬಿಟ್ರು. ಮುರುಗಮಲ್ಲದಾಗ ತಮ್ಮನ ಮನೇಲಿ ಅವಳೆ."

ದೆವ್ವದ ಕಥೆ ಕೇಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬದುಕಿದ್ದಾರೆ ಅಂದರೆ, ನಮ್ಮ ಹಜಾರದ ಕಲ್ಲಿನಲ್ಲಿರುವುದು ಯಾರು?

13-3-89

ದಸ್ತಗಿರ್‌ನನ್ನು ಕರೆದುಕೊಂಡು ಬಂದು ಚಪ್ಪಡಿ ಎಬ್ಬಿಸಿದೆ. ಅನಸೂಯ ಅಳುತ್ತಾಳೆ, ಅಡ್ಡ ಬರುತ್ತಾಳೆ ಅಂದುಕೊಂಡಿದ್ದೆ. "ಒಂದು ನಿಮಿಷ" ಅಂದಳು, ಅಷ್ಟೇ. ಕಲ್ಲಿನ ಪಕ್ಕ ಮಂಡಿಯೂರಿ ಬಗ್ಗಿದಳು. ಮತ್ತೆ ನಿಧಾನವಾಗಿ ಎದ್ದಳು. "ಹೂಂ, ತೆಗೀರಿ" ಅಂದು ಒಳಗೆ ಹೋದಳು.

ಒಡೆಯುವುದಕ್ಕೆ ಮನಸ್ಸು ಬರಲಿಲ್ಲ. ಹಿತ್ತಿಲ ಗೋಡೆಗೆ ಮಗುಚಿ ಒರಗಿಸಿ ಗೋಣಿಚೀಲ ಹೊದಿಸಿದೆ. ಹಜಾರದ ಆ ಜಾಗಕ್ಕೆ ಸಿಮೆಂಟು.

2-4-89

ಎಷ್ಟೋ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಅನಸೂಯ ಗುಣವಾದಳು. ಹೊಟ್ಟೆ ತುಂಬ ಉಣ್ಣುತ್ತಾಳೆ, ಮೈ ತುಂಬಿಕೊಂಡಿದ್ದಾಳೆ, ಮುಖದಲ್ಲಿ ಕಳೆ. ಆ ಸಿಮೆಂಟಿನ ಕಡೆ ತಿರುಗಿಯೂ ನೋಡುವುದಿಲ್ಲ. ದೇವರು ದೊಡ್ಡವನು.

ಒಂದೇ ಒಂದು... ಎಡಗೈ ಬಳಸುತ್ತಿಲ್ಲ. ಒಂದೇ ಕೈಯಲ್ಲಿ ಮುದ್ದೆ ಕಟ್ಟುತ್ತಾಳೆ, ಒಂದೇ ಕೈಯಲ್ಲಿ ಕಸ ಗುಡಿಸುತ್ತಾಳೆ. ನೋವಾ ಅಂದರೆ ಇಲ್ಲ ಅನ್ನುತ್ತಾಳೆ. ಡಾಕ್ಟರೂ ನೋಡಿದರು, ಏನೂ ಇಲ್ಲ ಅಂದರು. ರಸ್ತೆಯಲ್ಲಿ ಲಾರಿ ಹಾರನ್ ಹೊಡೆದರೆ ಸಾಕು, ಎದೆಗೆ ಒತ್ತಿಕೊಂಡ ಆ ತೋಳಿನ ಕಡೆಗೆ ಬಗ್ಗುತ್ತಾಳೆ. ಯಾರನ್ನೋ ಸಮಾಧಾನ ಮಾಡುವ ಹಾಗೆ.

5-4-89

ಮುರುಗಮಲ್ಲಕ್ಕೆ ಹೋದೆ. ದರ್ಗಾ ಹಿಂದಿನ ಬೀದಿಯಲ್ಲಿ ಕೇಳಿದೆ, ಮನೆ ತೋರಿಸಿದರು. ಕದಿರಮ್ಮನ ತಲೆ ಪೂರ್ತಿ ನರೆತಿದೆ. ಎಲ್ಲ ಹೇಳಿದೆ. ನನ್ನ ಹೆಂಡತಿಯನ್ನು ಬಿಟ್ಟುಬಿಡಿ ಅಂತ ಬೇಡಿಕೊಳ್ಳುವುದಕ್ಕೆ ಹೋದವನಿಗೆ, ಆ ಮುಖ ನೋಡಿ ಹಾಗನ್ನಲಾಗಲಿಲ್ಲ. "ಒಂದು ಸಲ ಬಂದು ನೋಡಿ ಅಮ್ಮಾ" ಅಂದೆ. ಚಪ್ಪಲಿ ಮೆಟ್ಟಿಕೊಂಡರು. ಬಸ್ಸು ಹಿಡಿದು ನಮ್ಮ ಮನೆಗೆ ಬಂದೆವು.

ನೇರ ಹಿತ್ತಿಲಿಗೆ ನಡೆದರು. ನಾನು ಗೋಣಿಚೀಲ ತೆಗೆದು ಕಲ್ಲನ್ನು ತಿರುಗಿಸಿಟ್ಟೆ. ಹೆಂಗಸಿನ ಆಕಾರ ಹಾಗೇ ಇತ್ತು. ತೋಳಿನೊಳಗೆ ಬಿಳುಪು ಇರಲಿಲ್ಲ. ಅಲ್ಲೂ ಕಂದು ತುಂಬಿತ್ತು.

ಕದಿರಮ್ಮ ಆ ಜಾಗದ ಮೇಲೆ ಅಂಗೈ ಇಟ್ಟರು. ಇಟ್ಟುಕೊಂಡೇ ಇದ್ದರು.

"ಈಡ ಲೇಡು" ಅಂದರು. ಇಲ್ಲಿಲ್ಲ.

ಆಮೇಲೆ ತಿರುಗಿದರು. ಹಿತ್ತಿಲ ಬಾಗಿಲಲ್ಲಿ ಅನಸೂಯ ನಿಂತಿದ್ದಳು, ಎಡತೋಳು ಎದೆಗೆ ಒತ್ತಿಕೊಂಡು.

"ಎತ್ಕೊಂಡ್ಯಾ ತಾಯೀ?"

"ಹೂಂ ಅಮ್ಮ" ಅಂದಳು ಅನಸೂಯ. "ಈಗ ತಾನೇ ಮಲಗ್ತು. ಮೆಲ್ಲಗೆ ಮಾತಾಡಿ."

ಬೈಯಬಹುದಿತ್ತು, ಕಿತ್ತುಕೊಳ್ಳಬಹುದಿತ್ತು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಾ ಹತ್ತಿರ ಹೋಗಿ, ಏನೂ ಇಲ್ಲದ ಆ ತೋಳಿನೊಳಗೆ ಬಗ್ಗಿ ನೋಡಿದರು. ನೋಡುತ್ತಾ ನೋಡುತ್ತಾ ಮುಖ ಅರಳಿತು.

8-4-89

ಕದಿರಮ್ಮ ಊರಿಗೆ ಹೋಗಿಲ್ಲ. ಹೋಗುತ್ತೀರಾ ಅಂತ ನಾನೂ ಕೇಳಿಲ್ಲ. ಇಬ್ಬರೂ ಹಜಾರದಲ್ಲಿ ಕೂತು, ಒಬ್ಬರಾದ ಮೇಲೆ ಒಬ್ಬರು ತೋಳಿನಿಂದ ತೋಳಿಗೆ ಎತ್ತಿಕೊಳ್ಳುತ್ತಾರೆ. ಅನಸೂಯನ ಎಡಗೈ ಬಿಡುವಾದಾಗ ಎರಡೂ ಕೈಯಲ್ಲಿ ತಲೆ ಬಾಚಿಕೊಂಡಳು. ನನಗೆ ಏನೂ ಕಾಣುವುದಿಲ್ಲ. ದಸ್ತಗಿರ್ ಬಾಗಿಲ ತನಕ ಬಂದ, ಚಪ್ಪಲಿಯನ್ನೂ ಬಿಡದೆ ವಾಪಸು ಹೋದ.

ಸಾಯಂಕಾಲ

ಕದಿರಮ್ಮನ ಮೈಗೆ ಎಣ್ಣೆ ಹಚ್ಚಿ ನೀರು ಹಾಕಬೇಕಿತ್ತು. ಅನಸೂಯ ನನ್ನ ಮುಂದೆ ಬಂದು ನಿಂತಳು. "ಸ್ವಲ್ಪ ಹಿಡ್ಕೊಳ್ರೀ" ಅಂದಳು.

ಹುಚ್ಚು ಅನ್ನಬೇಕು ಅಂದುಕೊಂಡೆ. ಆದರೂ ಅವಳ ಸಮಾಧಾನಕ್ಕೆ ತಾನೇ ಅಂತ ತೋಳು ಚಾಚಿದೆ.

ಬಚ್ಚಲಿನಲ್ಲಿ ನೀರಿನ ಸದ್ದು. ಅವರಿನ್ನೂ ಬಂದಿಲ್ಲ. ಬರೆಯುತ್ತಿರುವುದು ಬಲಗೈಯಲ್ಲಿ. ಪುಸ್ತಕ ತೊಡೆಯಿಂದ ಜಾರುತ್ತಿದೆ. ಹಿಡಿದುಕೊಳ್ಳೋಣ ಅಂದರೆ ಎಡಗೈ ತೆಗೆಯುವ ಹಾಗಿಲ್ಲ... ಅಲುಗಿದರೆ ಎಲ್ಲಿ ಎಚ್ಚರ—