ಆಚೆ ದಡಕ್ಕೆ ಕೇಳುವ ಎಂಜಿನ್

ಫೆಬ್ರವರಿ 2, ಭಾನುವಾರ

ಇವತ್ತೂ ಸ್ಯಾಂಡ್‌ಪೇಪರ್ ಉಜ್ಜಿದ್ದೇ ಉಜ್ಜಿದ್ದು. ಮದುವೆಗೆ ಹಚ್ಚಿದ ನೇಲ್ ಪಾಲಿಶ್ ಪೂರ್ತಿ ಹೋಯಿತು. ಹೋಗಲಿ! ನಮಗೆ ದೋಣಿ ಇದೆ. ನಮ್ಮದೇ ಸ್ವಂತ ದೋಣಿ!! ಹಳೆಯದು, ಮರದ್ದು, ಮೂಗು ಸ್ವಲ್ಪ ಜಜ್ಜಿದೆ. ಸೋ ವಾಟ್? ನನ್ನ ಗಂಡನದೂ ಹಾಗೇ ಇದೆ.

ದೋಣಿ ಕೊಂಡ ದಿನದಿಂದ ಗಂಡನಿಗೆ ಕ್ಯಾಪ್ಟನ್ ಅಂತ ಹೆಸರು. ಪಂಪ್ ರಿಪೇರಿಯವನಿಗೆ ಪ್ರಮೋಷನ್. ಕ್ಯಾಪ್ಟನ್ ದೋಣಿಯಡಿ ಅಂಗಾತ ಮಲಗಿ ಹಲಗೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟುತ್ತಾನೆ. ಗಟ್ಟಿ ಸದ್ದು ಬಂದರೆ ನನಗೆ ಕಣ್ಣು ಹೊಡೆಯುತ್ತಾನೆ. ಹುಚ್ಚ.

ಎಲ್ಲರೂ ದೋಣಿ ಯಾಕೆ ಅಂತ ಕೇಳುತ್ತಾರೆ. ಎರಡು ಕೋಣೆ, ನಡುವೆ ಪ್ಲೈವುಡ್ ಗೋಡೆ. ಈ ಕಡೆ ನಾನು ಪಿಸುಮಾತಿನಲ್ಲಿ ಜೋಕ್ ಹೇಳಿದರೆ ಆ ಕಡೆ ಅತ್ತೆ ನಗುತ್ತಾರೆ. ಇನ್ನೇನು ಮಾಡಬೇಕು, ದೋಣಿ ತಾನೇ ಕೊಳ್ಳಬೇಕು?

ಮಾರಿದವರು ಹಿನ್ನೀರಿನ ಆಚೆ ದಡದ ಟೈಲರ್. ಅವರ ಅಪ್ಪನ ದೋಣಿ. ಅಪ್ಪ ಈಗಿಲ್ಲವಂತೆ. ವರ್ಷಗಟ್ಟಲೆ ಶೆಡ್ಡಿನಲ್ಲೇ ಒಣಗಿದೆ. "ಇವತ್ತೇ ಒಯ್ದುಬಿಡಿ. ಅಮ್ಮ ಅಕ್ಕನ ಮನೆಗೆ ಹೋಗಿದ್ದಾರೆ. ಮತ್ತೆ ಈ ದಡಕ್ಕೆ ತರಬೇಡಿ" ಅಂದರು. ಲಾರಿಗೆ ಏರಿಸುವಾಗ ಬೆನ್ನು ತಿರುಗಿಸಿ ನಿಂತಿದ್ದರು. ಪಾಪ, ಎಮೋಷನಲ್.

ಫೆಬ್ರವರಿ 9, ಭಾನುವಾರ

ನೀರಿಗೆ ಇಳಿಸಿದೆವು. ಮುಳುಗಿತು!!!

ನಾನು ಅತ್ತೇಬಿಟ್ಟೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ನಗು. ಕ್ಯಾಪ್ಟನ್‌ಗೂ ನಗು. "ಮುಳುಗಲಿ ಅಂತಾನೇ ಬಿಟ್ಟಿದ್ದು ಕಣೇ. ಒಣಗಿ ಹಲಗೆ ಕುಗ್ಗಿದೆ. ಹೊಟ್ಟೆ ತುಂಬ ನೀರು ಕುಡಿದು ಉಬ್ಬಲಿ, ಸಂದು ತಾನೇ ಮುಚ್ಚಿಕೊಳ್ಳುತ್ತೆ."

ಮೊದಲೇ ಹೇಳಬಾರದಿತ್ತೇ? ನಾನು ಅಳುವುದು ನೋಡಲು ಚೆಂದವಂತೆ. ಎರಡು ಗುದ್ದು ಕೊಟ್ಟೆ.

ಇಳಿಸುವ ಮೊದಲೇ ಎಂಜಿನ್ ಬಿಚ್ಚಿ ಮನೆಗೆ ತಂದಿದ್ದೇವೆ. ಬಾಗಿಲಲ್ಲೇ ಕೂತಿದೆ, ಅತಿಥಿಯ ಹಾಗೆ. ಅತ್ತೆ ಅದನ್ನು ಎಡವಿ, "ಬೇರೆಯವರ ಸೊಸೆಯಂದಿರಿಗೆ ಸೋಫಾ ಬೇಕಂತೆ. ನನ್ನ ಸೊಸೆಗೆ ಎಂಜಿನ್ನು" ಅಂದರು. ಆಮೇಲೆ ತಾವೇ ಹಳೇ ಸೀರೆ ಹರಿದು ಒರೆಸಲು ಕೊಟ್ಟರು.

ಫೆಬ್ರವರಿ 22, ಶನಿವಾರ, ಸಂಜೆ

ಓಡಿತು! ಓಡಿತು! ಓಡಿತು!

ದೋಣಿ ಉಬ್ಬಿ, ನೀರೆಲ್ಲ ಮೊಗೆದು ಚೆಲ್ಲಿ, ಎಂಜಿನ್ ಕೂರಿಸಿ... ಕ್ಯಾಪ್ಟನ್ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವತುಹೋದ. ಕೊನೆಗೆ ಕರಿ ಹೊಗೆ, ಒಂದು ಕೆಮ್ಮು, ಡುಗ್ ಡುಗ್ ಡುಗ್... ನಡುವೆ ಉಸಿರು ಕಟ್ಟಿದ ಹಾಗೆ ಒಂದು ತಡೆ, ಮತ್ತೆ ಡುಗ್. ಸೈಲೆನ್ಸರ್ ತುಕ್ಕು ಹಿಡಿದು ತೂತು. ಸದ್ದು ನೀರಿನ ಮೇಲೆಲ್ಲ ಹೋಗಿ ವಾಪಸ್ ಬರುತ್ತಿತ್ತು.

ನಡುನೀರಿಗೆ ಹೋದೆವು. ಪ್ಲೈವುಡ್ ಇಲ್ಲ, ಅತ್ತೆ ಇಲ್ಲ. ಮನೆಯಲ್ಲಿ 'ರೀ', ಇಲ್ಲಿ 'ಲೋ'! ಜೋರಾಗಿ ಹೇಳಬಾರದ್ದನ್ನೆಲ್ಲ ಜೋರಾಗಿ ಹೇಳಿದೆ. ಇಷ್ಟು ಖುಷಿ ಅಲೌಡ್ ಇದೆಯಾ?

ಫೆಬ್ರವರಿ 25, ಮಂಗಳವಾರ

ಟೈಲರ್ ಬಂದಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪ್ ಹಾಗೇ ಇತ್ತು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಎಂಜಿನ್ ಹೊಡೆದಿರಾ?"

"ಫಸ್ಟ್ ಕ್ಲಾಸಾಗಿ ಓಡ್ತಿದೆ ಸರ್!" ಅಂದೆ. ಹಲ್ಲು ಬಿಟ್ಟುಕೊಂಡು. ಛೆ.

ಅವರ ಅಪ್ಪ ಬಲೆ ಹಾಕಲು ಹೋದವರು ಬರಲಿಲ್ಲ. ದೋಣಿ ಒಂದೇ ಬಂದು ಜೊಂಡಿಗೆ ಸಿಕ್ಕಿಕೊಂಡಿತ್ತು, ಎಂಜಿನ್ ಇನ್ನೂ ಓಡುತ್ತಿತ್ತು. ಅವರು ಕೊನೆಗೂ ಸಿಗಲಿಲ್ಲ. ಗಂಡ ಸತ್ತರೆಂದು ಟೈಲರ್ ಅಮ್ಮ ಇವತ್ತಿಗೂ ಒಪ್ಪಿಲ್ಲ. ಶೆಡ್ಡಿನಲ್ಲಿ ದೋಣಿ ಇದ್ದಷ್ಟು ದಿನ ಸುಮ್ಮನಿದ್ದರು. ಮಗಳ ಮನೆಯಿಂದ ಬಂದು ನೋಡಿದರೆ ಶೆಡ್ ಖಾಲಿ. ಶನಿವಾರ ಸಂಜೆ ನೀರಿನ ಮೇಲೆ ಅದೇ ಸದ್ದು. ಒಳಗೆ ಬಂದು ಮಗನಿಗೆ, "ನಿಮ್ಮಪ್ಪ ಮನೆಗೆ ಹೊರಟಿದ್ದಾರೆ, ಸ್ನಾನಕ್ಕೆ ನೀರು ಕಾಯಿಸು" ಅಂದರಂತೆ. ಅವತ್ತಿನಿಂದ ದಡ ಬಿಟ್ಟು ಕದಲುತ್ತಿಲ್ಲ. ಊಟ ಇಲ್ಲ.

"ಮಾರಿದೆ ಅಂತ ಹೇಳಬಾರದಾ?" ಕ್ಯಾಪ್ಟನ್ ಕೇಳಿದ.

"ಹೇಳಿದೆನಪ್ಪ. ಮಾರಿದ್ದರೆ ಆ ಎಂಜಿನ್ ಹೊಡೀತಿರೋದು ಯಾರು ಅಂತ ನನ್ನನ್ನೇ ಕೇಳ್ತಾರೆ. ಆ ತಡೆದು ತಡೆದು ಹೊಡೆಯೋದು ಅವರ ಎಂಜಿನ್ನೇ, ನನಗೆ ಕಿವಿ ಇಲ್ವಾ ಅಂತಾರೆ."

"ದೋಣಿನ ಅಲ್ಲಿಗೇ ತಂದು ತೋರಿಸ್ತೀವಿ" ಅಂದೆ.

"ಬೇಡಮ್ಮ. ಅವರಿಲ್ಲದೆ ದೋಣಿ ಬರೋದನ್ನ ಅಮ್ಮ ಒಂದು ಸಲ ನೋಡಿದ್ದಾರೆ."

ಆಮೇಲೆ ನನಗೆ ಹೊಳೆಯಿತು — ಸೈಲೆನ್ಸರ್! ಹೊಸದು ಹಾಕಿದರೆ ಆ ಸದ್ದೇ ಇರುವುದಿಲ್ಲ. ಕೇಳಿಸದಿದ್ದರೆ ಮರೆಯುತ್ತಾರೆ. ಟೈಲರ್ ನನಗೆ ಕೈ ಮುಗಿದರು, ನನಗಿಂತ ಅಷ್ಟು ದೊಡ್ಡವರು. "ಜೀನಿಯಸ್ ಕಣೇ" ಅಂದ ಕ್ಯಾಪ್ಟನ್. ಅತ್ತೆ ಮಾತ್ರ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮಾರ್ಚ್ 2, ಭಾನುವಾರ

ಹೊಸ ಸೈಲೆನ್ಸರ್ ಕೂತಿತು. ಬೆಕ್ಕು ಗೊರಗುಟ್ಟಿದ ಹಾಗೆ, ಅಷ್ಟೇ. ಈ ದಡದಲ್ಲಿ ನಿಂತರೂ ಕೇಳುವುದಿಲ್ಲ. ಹಳೆಯದನ್ನು ಕ್ಯಾಪ್ಟನ್ ಬಿಸಾಡಲಿಲ್ಲ. ಮನಸ್ಸು ಬರಲ್ಲ ಅಂದ.

ಸ್ವಲ್ಪ ದೂರ ಹೋಗಿ ಬಂದೆವು. ಆಚೆ ದಡದಲ್ಲಿ ಯಾರೋ ನಿಂತ ಹಾಗಿತ್ತು. ನೋಡಲಿಲ್ಲ. ನೋಡಿದೆ. ತಿಳಿ ಬಣ್ಣದ ಸೀರೆ.

ಮಾರ್ಚ್ 5, ಬುಧವಾರ

ಟೈಲರ್ ಫೋನ್. ಅಮ್ಮ ಎರಡು ತುತ್ತು ಉಂಡರಂತೆ. ನೋಡಿದೆಯಾ! ಎಷ್ಟು ಹಗುರವಾಯಿತು. ಕ್ಯಾಪ್ಟನ್‌ನ ಕೆನ್ನೆ ಹಿಂಡಿದೆ, ಅತ್ತೆಯ ಎದುರೇ.

ಮಾರ್ಚ್ 8, ಶನಿವಾರ, ಬೆಳಿಗ್ಗೆ ಆರೂವರೆ

ದಡದಲ್ಲಿ ಕೂತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಕು ಹರಿಯುವಾಗ ಟೈಲರ್ ಫೋನ್ ಮಾಡಿದರು. ಅಮ್ಮ ಹಾಸಿಗೆಯಲ್ಲಿಲ್ಲ. ಪಕ್ಕದ ಮನೆಯವರ ಸಣ್ಣ ಹುಟ್ಟುದೋಣಿ ಇಲ್ಲ. ಜನರೇಟರ್‌ಗೆ ಇಟ್ಟಿದ್ದ ಡೀಸೆಲ್ ಕ್ಯಾನ್ ಇಲ್ಲ.

ಅಮ್ಮ ನಿನ್ನೆ ಸಂಜೆಯೇ ಹೇಳಿದ್ದರಂತೆ. "ಸದ್ದು ನಿಂತು ಎಷ್ಟು ದಿನ ಆಯ್ತು. ನಡುನೀರಲ್ಲಿ ಡೀಸೆಲ್ ಮುಗಿದು ಕೂತಿರಬೇಕು. ಯಾರಾದರೂ ಕೊಟ್ಟು ಬರಬಾರದಾ?" ಅಂತ. ಟೈಲರ್ ಅಂದರಂತೆ, "ಬೆಳಿಗ್ಗೆ ನೋಡೋಣಮ್ಮ, ಮಲಗು."

ನನ್ನ ಐಡಿಯಾ. ಸೈಲೆನ್ಸರ್ ನನ್ನ ಐಡಿಯಾ.

ಮಂಜು. ಎದುರಿಗೆ ನೀರಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕ್ಯಾಪ್ಟನ್ ಹೊಸ ಸೈಲೆನ್ಸರ್ ಬಿಚ್ಚಿ ಹಳೆಯದನ್ನು ಹಾಕಿದ. "ಈ ಸದ್ದು ಕೇಳಿದರೆ ಇತ್ತಲೇ ತಿರುಗ್ತಾರೆ. ಸುತ್ತು ಹಾಕ್ತಾನೇ ಇರ್ತೀನಿ. ಸಿಕ್ಕಿದರೆ ಎಂಜಿನ್ ನಿಲ್ಲಿಸಿ ಕೂಗ್ತೀನಿ. ನೀನು ಇಲ್ಲೇ ಇರು." ನಾನೂ ಬರ್ತೀನಿ ಅಂದೆ. ಬೇಡ ಅಂದ. ಹಾಗೆ ಅವನು ನನಗೆ ಯಾವತ್ತೂ ಹೇಳಿಲ್ಲ.

ಅತ್ತೆ ಶಾಲು ತಂದು ಹೊದಿಸಿ ಪಕ್ಕದಲ್ಲಿ ಕೂತರು.

"ಅತ್ತೆ, ನಾನು ಒಳ್ಳೇದಕ್ಕೆ ಅಂತ..."

"ಗೊತ್ತು." ಶಾಲು ಸರಿ ಮಾಡಿ, "ನಿಮ್ಮ ಮಾವ ಅಲ್ಲಿ ಕೂತಿದ್ದಾರೆ ಅನ್ನಿಸಿದ್ದರೆ ನಾನೂ ಹೋಗಿರುತ್ತಿದ್ದೆ."

ಡುಗ್ ಡುಗ್ ಡುಗ್. ತಡೆ. ಡುಗ್. ಹತ್ತಿರ ಬಂತು, ದೂರ ಹೋಯಿತು. ಪ್ರತಿ ತಡೆಗೂ ಪೆನ್ನು ನಿಲ್ಲುತ್ತದೆ. ಅವನು ಈಜುತ್ತಾನಾ? ಕೇಳಿಯೇ ಇಲ್ಲ. ಮದುವೆಯಾಗಿ ಇಷ್ಟು ದಿನ, ಏನೇನೋ ಕೇಳಿದೆ, ಇದನ್ನು ಕೇಳಲಿಲ್ಲ.

ಏಳು ಗಂಟೆ

ನಿಂತಿತು.

ಕೂಗು ಇಲ್ಲ. ಮಂಜಿನಲ್ಲಿ ಕೇಳಿಸಲಿಲ್ಲವೋ, ಕೂಗಲೇ ಇಲ್ಲವೋ. ಅತ್ತೆ ಎದ್ದು ನಿಂತಿದ್ದಾರೆ. ಫೋನ್ ಬಡಿದುಕೊಳ್ಳುತ್ತಿದೆ, ಟೈಲರ್. ಆಚೆ ದಡದಲ್ಲಿ ಅವರಿಗೂ ಸದ್ದು ನಿಂತದ್ದು ತಿಳಿದಿರಬೇಕು. ಏನಂತ ಹೇಳಲಿ.

ಈಗ ನೀರಿನ ಸಪ್ಪಳ. ಹುಟ್ಟು ಹಾಕುತ್ತಿದ್ದಾನೆ. ಈ ಕಡೆಗೇ. ನಿಧಾನ, ಅವಸರವೇ ಇಲ್ಲದ ಹಾಗೆ. ಎಂಜಿನ್ ಇರುವಾಗ ಯಾಕೆ ಹುಟ್ಟು? ಹುಟ್ಟು ಇದ್ದದ್ದು ಟೈಲರ್ ಅಮ್ಮನ ದೋಣಿಯಲ್ಲಿ