ಬೇಡಿತಿಯ ಮಸಿ

ಕಬ್ಬೂರ ರಸ್ತೆಯ ತೋಟದ ಮನೆ,
ಭಾದ್ರಪದ ಬಹುಳ ಪಾಡ್ಯ, ಕ್ಷಮಾವಣಿ

ಚಿರಂಜೀವಿ ಸೌಭಾಗ್ಯವತಿ ಸುಂದರಾಳಿಗೆ, ನಿನಗೆ ಅಕ್ಷರ ಕಲಿಸಿದ ಭಾವುಸಾಹೇಬನು ಕೈಮುಗಿದು ಬರೆಯುವುದೇನೆಂದರೆ,

ದಶಲಕ್ಷಣ ಪರ್ವ ಮುಗಿದಿದೆ. ವರ್ಷವಿಡೀ ಮಾಡಿದ ತಪ್ಪುಗಳಿಗಾಗಿ ಸಕಲ ಜೀವರಾಶಿಯ ಕ್ಷಮೆ ಬೇಡುವ ದಿನವಿದು. ಬೆಳಗಿನಿಂದ ಬೀಗರಿಗೂ ನೆರೆಯವರಿಗೂ ಕಾರ್ಡು ಬರೆದೆ. ಅವರಿಗೆ ನಾನು ಮಾಡಿದ ತಪ್ಪು ಯಾವುದೆಂದು ನನಗೂ ತಿಳಿಯದು, ಅವರಿಗೂ ತಿಳಿಯದು. ತಿಳಿದಿರುವ ಒಂದೇ ತಪ್ಪಿನ ಪತ್ರವನ್ನು ಕಡೆಗೆ ಉಳಿಸಿಕೊಂಡೆ. ನೀವು ಕುಡಚಿ ಸ್ಟೇಶನ್ನಿನ ಆಚೆ ಬಿಡಾರ ಹೂಡಿರುವಿರೆಂದು ಯಾರೋ ಹೇಳಿದರು; ತಲುಪಿದರೆ ನನ್ನ ಪುಣ್ಯ.

ನೀನು ಆರನೆಯ ಇಯತ್ತೆಯಲ್ಲಿದ್ದಾಗ ನಾನು ಮಕ್ಕಳಿಗಾಗಿ ಒಂದು ನಾಟಕ ಬರೆದಿದ್ದೆ. ಅದರಲ್ಲೊಬ್ಬ ಬೇಡ, ಒಬ್ಬ ಬೇಡಿತಿ. ಕದಿಯುವವರು, ಕೊಲ್ಲುವವರು, ಮಾತು ಬಾರದೆ ಹೂಂಕರಿಸುವವರು. ಕಡೆಯಲ್ಲಿ ಮುನಿಗಳ ಪಾದಕ್ಕೆರಗಿ ಮನುಷ್ಯರಾಗುವವರು. ಪುರಾಣಗಳಲ್ಲಿ ಬೇಡರನ್ನು ಎಷ್ಟೋ ಕಂಡಿದ್ದೆ. ಕಾಲುವೆ ದಂಡೆಯ ನಿಮ್ಮ ಹರಣಶಿಕಾರಿ ಜನರ ಗುಡಿಸಲುಗಳೊಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಬೇಡಿತಿಯ ಪಾತ್ರವನ್ನು ನಿನಗೇ ಕೊಟ್ಟು ಮುಖಕ್ಕೆ ಹಂಚಿನ ಮಸಿ ಬಳಿಸಿದೆ. ಆಗ ನೀನಾಡಿದ ಮಾತು ನೆನಪಿದೆ. “ಗುರುಗಳ, ನಮ್ಮವ್ವ ಮಸಿ ಹಚ್ಕೊಳ್ಳೂದಿಲ್ರಿ, ಕಬ್ಬಿನ್ಯಾಗ ಕಸಾ ತಗೀತಾಳ್ರಿ. ನಾ ಹೂಂ ಹೂಂ ಅನ್ನೂದು ಯಾಕ್ರಿ? ನಂಗ ಎಲ್ಲಾ ಪದ್ಯಾ ಬಾಯಿಪಾಠ ಬರ್ತಾವಲ್ರಿ!” ಮಕ್ಕಳೆಲ್ಲ ನಕ್ಕರು. “ಸುಮ್ನಿರ ಬೇ, ನಾಟಕ ಐತದು,” ಎಂದು ನಾನೂ ನಕ್ಕೆ. ದೀಪಾವಳಿ ರಜೆಯ ಮೇಲೆ ನೀನು ಶಾಲೆಗೆ ಬರಲಿಲ್ಲ. ಕರೆಯಲು ನಾನೂ ಬರಲಿಲ್ಲ.

ಹೋದ ವರ್ಷ ಶ್ರುತಪಂಚಮಿಯ ಗ್ರಂಥಪೂಜೆಯ ಮರುದಿನ, ಬಸದಿಯ ಜಿನಬಿಂಬದ ಮೇಲೆ ತೂಗುವ ಬೆಳ್ಳಿಯ ಮುಕ್ಕೊಡೆ, ಅಂಗೈಯಗಲದ್ದು, ಕಾಣದಾಯಿತು. ಆಗ ನಿನ್ನ ಗಂಡ ಸಮಾಧಾನನು ಪಕ್ಕದ ದ್ರಾಕ್ಷಿ ತೋಟದ ಕಾವಲಿಗಿದ್ದ. ಪತ್ರಿಕೆಯವನು ಬಂದು, “ಯಾರ ಮ್ಯಾಲ ಸಂಶೇ ಐತ್ರಿ, ಸರ?” ಎಂದ. ನಾನು ಯಾರ ಹೆಸರನ್ನೂ ಎತ್ತಲಿಲ್ಲ. “ಬ್ಯಾಟಿ ಆಡೂ ಮಂದಿ ಬಾಜೂಕ ಅದಾರಲ್ಲಪಾ,” ಎಂದೆ, ಅಷ್ಟೇ. ಮರುದಿನ “ಬಸದಿಗೆ ಬೇಟೆಗಾರರ ಕನ್ನ” ಎಂಬ ತಲೆಬರಹ. ಅದರ ಕೆಳಗೆ ನಮ್ಮ ನಾಟಕದ ಮಸಿಮುಖದ ಮಕ್ಕಳ ಚಿತ್ರ. ಹಿಂದೊಮ್ಮೆ ನಾಟಕದ ಸುದ್ದಿಗೆಂದು ಆ ಚಿತ್ರ ಕೊಟ್ಟವನೂ ನಾನೇ. ಮಧ್ಯಾಹ್ನದೊಳಗೆ ಪೊಲೀಸರು ಸಮಾಧಾನನನ್ನು ಒಯ್ದರು.

ಅಂದು ಸಂಜೆ ನೀನು ನಮ್ಮ ಹೊಸ್ತಿಲಲ್ಲಿ ನಿಂತು, “ಗುರುಗಳ, ಒಂದ ಮಾತ ಹೇಳ್ರಿ, ನಿಮ್ಮ ಮಾತ ನಂಬ್ತಾರ,” ಎಂದು ಕೂಗಿದೆ. ಸಾಮಾಯಿಕದ ಧ್ಯಾನಕ್ಕೆ ಕುಳಿತಿದ್ದೇನೆಂದು ನಾನು ಒಳಗಿನಿಂದ ಹೇಳಿಕಳಿಸಿದೆ. ಕುಳಿತಿರಲಿಲ್ಲ. ಐದು ತಿಂಗಳ ಮೇಲೆ ಜಾಮೀನು ಸಿಕ್ಕಿ ಬಂದವನ ಬಲಗೈ ಮೇಲೇಳದೆಂದು ಕೇಳಿದೆ. ಕಾವಲಿಗೆ ಯಾರೂ ಕರೆಯಲಿಲ್ಲವೆಂದೂ, ಗುಡಿಸಲುಗಳೆಲ್ಲ ಎದ್ದುಹೋದವೆಂದೂ ಕೇಳಿದೆ.

ಈಗ ಹೇಳಬೇಕಾದುದನ್ನು ಹೇಳುತ್ತೇನೆ. ಬಸದಿಯ ತಾಳೆಗರಿಯ ಗ್ರಂಥಗಳನ್ನು ಕೆಂಪು ವಸ್ತ್ರದಲ್ಲಿ ಕಟ್ಟಿದ ಗಂಟನ್ನು ವರ್ಷಕ್ಕೊಮ್ಮೆ, ಶ್ರುತಪಂಚಮಿಯಂದು ಮಾತ್ರ ಬಿಚ್ಚುವುದು ನಮ್ಮ ನಿಯಮ. ನಡುವೆ ಯಾರೂ ಮುಟ್ಟುವಂತಿಲ್ಲ, ಪೊಲೀಸರಿಗೂ ಮುಟ್ಟಗೊಡಲಿಲ್ಲ. ಈ ವರ್ಷ ಬಿಚ್ಚಿದಾಗ ಗ್ರಂಥದ ಹಲಗೆಯ ಮೇಲೆ ಮುಕ್ಕೊಡೆ ಇತ್ತು. ಹೋದ ವರ್ಷ ಪೂಜೆಗೆಂದು ಇಳಿಸಿ ಗ್ರಂಥದ ಮೇಲೆ ಇರಿಸಿದ್ದು ಹಾಗೆಯೇ ಗಂಟಿನೊಳಗೆ ಸೇರಿಹೋಗಿತ್ತು. “ದೇವರ ಒಡವಿ ದೇವರಿಗೆ ಸಿಕ್ತು, ಇನ್ನ ಅದರ ಸುದ್ದಿ ಯಾಕ?” ಎಂದು ಬಸದಿಯ ಪಂಚರು ಸದ್ದಿಲ್ಲದೆ ಅದನ್ನು ಮತ್ತೆ ತೂಗಹಾಕಿದರು. ನಾನು ತಲೆಯಾಡಿಸಿದೆ. ಅದಾಗಿ ಮೂರು ತಿಂಗಳು ಕಳೆದಿವೆ.

ಮೊನ್ನೆ ಪರ್ವದಲ್ಲಿ ಅದೇ ನಾಟಕವನ್ನು ಮತ್ತೆ ಆಡಿದರು. ನನ್ನ ಮೊಮ್ಮಗಳು ಸ್ನೇಹಲ ಮಸಿ ಬಳಿದುಕೊಂಡು ಹೂಂಕರಿಸಿದಳು. ಮುಖ ತೊಳೆಯುತ್ತ, “ಅಜ್ಜಾ, ಬೇಡರಿಗೆ ಖರೇನ ಮಾತ ಬರೂದಿಲ್ಲೇನ?” ಎಂದಳು. ಒಮ್ಮೆಯೂ ತಡವರಿಸದೆ ನೀನು ಪದ್ಯ ಒಪ್ಪಿಸುತ್ತಿದ್ದುದು ಕಣ್ಣ ಮುಂದೆ ಬಂತು.

ಮನದಿಂದ, ವಚನದಿಂದ, ಕಾಯದಿಂದ ನಿಮ್ಮಿಬ್ಬರಿಗೂ ಮಾಡಿದ ಅಪರಾಧಕ್ಕೆ ಕ್ಷಮೆ ಬೇಡುತ್ತೇನೆ. ಕೊಡದಿದ್ದರೆ ಅದು ನಿನ್ನ ತಪ್ಪಲ್ಲ.

ಆ ಹೆಸರು ನನಗೆ ಇನ್ನೂ ಸಲ್ಲುವುದಾದರೆ, ನಿನ್ನ ಗುರು
ಭಾವುಸಾಹೇಬ

ತಾ.ಕ.: ಹೋದ ವರ್ಷ ಆ ಗಂಟನ್ನು ಕಟ್ಟಿದ ಕೈ ನನ್ನದು. ಅದರೊಳಗೆ ಗ್ರಂಥದ ಹೊರತು ಏನೂ ಇಲ್ಲವೆಂದು ಪೊಲೀಸರಿಗೆ ಬರೆದುಕೊಟ್ಟವನೂ ನಾನೇ. ಬರುವ ತಿಂಗಳು ಸಮಾಧಾನನ ವಿಚಾರಣೆಗೆ ನನ್ನನ್ನು ಸಾಕ್ಷಿಯಾಗಿ ಕರೆದಿದ್ದಾರೆ. ಈ ಇಳಿವಯಸ್ಸಿನಲ್ಲಿ ಹತ್ತು ಜನರೆದುರು, ಮುಕ್ಕೊಡೆ ಗಂಟಿನಲ್ಲೇ ಇತ್ತೆಂಬ ಮಾತು ನನ್ನ ಬಾಯಿಂದ ಹೊರಡದು. ಓದಿದ ಮೇಲೆ ಈ ಪತ್ರವನ್ನು ಒಲೆಗೆ ಹಾಕು, ತಂಗಿ. ವಕೀಲರಿಗೆ ತೋರಿಸಬೇಡ.