ಬೂಟಿನೊಳಗಿನ ಮೂರು ಪದರ

ಚಪ್ಪಲಿ ಅಂಗಡಿಯ ಹಿಂದಿನ ಕೋಣೆ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಪ್ರೀತಿಯ ಅಂತ ರೂಢಿಗೆ ಬರೆದಿದ್ದೇನೆ, ಉಬ್ಬಬೇಡ. ಹೇಗಿದ್ದೀಯ? ಶಿಬಿರದಲ್ಲಿ ಹೊಟ್ಟೆ ತುಂಬ ಹಾಕುತ್ತಾರಾ? ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆಯಾ? ಏಳಲಿ. ಅಜ್ಜಿ ಚೆನ್ನಾಗಿದ್ದಾಳೆ. ಸೈರನ್ ಕೂಗಿದರೆ ನೆಲಮಾಳಿಗೆಗೆ ಇಳಿಯಲು ಈಗಲೂ ನಿನ್ನ ಹೆಗಲು ಹುಡುಕುತ್ತಾಳೆ, ಆಮೇಲೆ ನನ್ನ ತಲೆಯ ಮೇಲೆ ಕೈಯೂರಿ, "ಇವಳು ಊರುಗೋಲಿಗಿಂತ ಗಿಡ್ಡ" ಅಂತ ಗೊಣಗುತ್ತ ಇಳಿಯುತ್ತಾಳೆ. ನಾನು ಮಾತ್ರ ಚೆನ್ನಾಗಿಲ್ಲ.

ನಿಮ್ಮ ಶಾಲೆಯ ನಾಟಕದಲ್ಲಿ ನಾನೇ ರಾಜ ಅಂತ ಹೇಳಿದೆ ನೀನು. "ಮಂತ್ರಿಗಿಂತ ರಾಜ ಗಿಡ್ಡ ಇದ್ರೆ ಜನ ನಗ್ತಾರೆ ಕಣೇ ಮೊಳೆ. ಬೂಟಿನೊಳಗೆ ಏನಾದ್ರೂ ಇಟ್ಟು ಎತ್ತರ ಮಾಡು. ಅಪ್ಪಂಗೆ ಹೇಳ್ಬೇಡ" ಅಂದೆ. ನಾನೊಬ್ಬಳು ಪೆದ್ದಿ, ನಂಬಿಬಿಟ್ಟೆ. ಅಪ್ಪ ಎತ್ತಿಟ್ಟಿದ್ದ ಒಳ್ಳೆಯ ಚರ್ಮವನ್ನೇ ಕದ್ದು ರಂಪಿಗೆಯ ಹರಿತ ಅಲಗಿನಲ್ಲಿ ಮೂರು ಪದರ ಕೊಯ್ದೆ. ಅಂಟು ಹಚ್ಚಿ, ಕಲ್ಲು ಹೇರಿ, ನಡೆದರೆ ಸದ್ದಾಗದ ಹಾಗೆ ಅಂಚು ಸವರಿದೆ. ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ! ಶನಿವಾರ ಅಜ್ಜಿಯ ಕೈಹಿಡಿದು ನಾಟಕಕ್ಕೆ ಹೋದರೆ, ನಿಮ್ಮ ಶಾಲೆಯ ಸಭಾಂಗಣದ ತುಂಬ ಗಾಯಾಳುಗಳ ಮಂಚ. ರಾಜನೂ ಇಲ್ಲ, ಪರದೆಯೂ ಇಲ್ಲ. ಬಾಗಿಲಲ್ಲಿದ್ದ ನರ್ಸಮ್ಮ, "ನಾಟಕನಾ? ಯಾವ ಕಾಲದಲ್ಲಿದ್ದೀಯ ಮಗು?" ಅಂದರು.

ಮನೆಗೆ ಬಂದರೆ ನಿನ್ನ ಚೀಟಿ. ಸೈನ್ಯಕ್ಕೆ ಸೇರಿದ್ದೇನೆ, ಸಾಲು ಉದ್ದವಿತ್ತು, ಬೂಟು ಬಿಚ್ಚಿಸದೆ ಅಳೆದರು, ಹದಿನೆಂಟು ಅಂದರೆ ನಂಬಿದರು, ಎಲ್ಲ ಮೊಳೆಯ ಕೈಚಳಕ ಅಂತ! ಹದಿನೈದು ತುಂಬಿ ಇನ್ನೂ ತಿಂಗಳಾಗಿಲ್ಲ ನಿನಗೆ. ಅಪ್ಪ ಚೀಟಿಯನ್ನು ಎರಡು ಸಲ ಓದಿ, ಚರ್ಮದ ಪೆಟ್ಟಿಗೆ ತೆರೆದು ನೋಡಿ, ಆಮೇಲೆ ನನ್ನ ಮುಖ ನೋಡಿದರು. ಬೈದಿದ್ದರೇ ವಾಸಿಯಿತ್ತು. ಅವತ್ತಿನಿಂದ ನನ್ನ ಕೈಗೆ ರಂಪಿಗೆ ಕೊಟ್ಟಿಲ್ಲ.

ಅಮ್ಮ ಹೋದ ಮೇಲೆ ನಮ್ಮಿಬ್ಬರ ನಡುವೆ ಗುಟ್ಟು ಬೇಡ ಅಂದವನು ನೀನೇ ತಾನೇ? ನನಗೆ ಮೋಸ ಮಾಡಿದೆ ಅಣ್ಣಾ. ಅದೂ ನನ್ನ ಕೈಯಿಂದಲೇ ಮಾಡಿಸಿದೆ. ಶುಕ್ರವಾರ ನಿಮ್ಮ ತುಕಡಿ ಗಡಿಯ ರೈಲು ಹತ್ತುತ್ತದಂತೆ, ಅಂಚೆಯ ಮಾಮ ಹೇಳಿದರು. ಅವರ ಚೀಲದಲ್ಲಿ ಈಗ ಸಾವಿನ ಸುದ್ದಿಯೇ ಹೆಚ್ಚು. ಅಲ್ಲಿ ನಿನಗೇನಾದರೂ ಆದರೆ ಕೈಯಾರೆ ಕಳಿಸಿದವಳು ನಾನಾಗುತ್ತೇನೆ. ಒಂದು ಸಲವಾದರೂ ಅದನ್ನು ಯೋಚಿಸಿದೆಯಾ?

ಅಜ್ಜಿ ನೂರು ವರ್ಷ ಬಾಳು ಅಂತ ಹರಸಿದ್ದಾಳೆ. ಅಪ್ಪ ನಿನ್ನ ಹಳೆಯ ಚಪ್ಪಲಿಗೆ ಹೊಸ ಅಟ್ಟೆ ಹೊಲಿಯುತ್ತಿದ್ದಾರೆ.

ಇಂತಿ,
ನಿನ್ನ ತಂಗಿ
(ಮೊಳೆ ಅಂತ ಇನ್ನು ಕರೆಯಬೇಡ)

ವಿ.ಸೂ.: ಇವತ್ತು ಶಾಲೆಗೆ ಹೋಗಲಿಲ್ಲ. ನಿನ್ನ ಜನನ ಪತ್ರ ತೆಗೆದುಕೊಂಡು ಸೈನ್ಯದ ಭರ್ತಿ ಕಚೇರಿಗೆ ಹೋಗಿದ್ದೆ. ಮೀಸೆಯ ಅಧಿಕಾರಿಗೆ ಎಲ್ಲ ಹೇಳಿದೆ, ಮೂರು ಪದರದ ವಿಷಯವನ್ನೂ. ನಾಳೆ ಬೆಳಿಗ್ಗೆ ಶಿಬಿರದಲ್ಲಿ ಎಲ್ಲರೆದುರು ನಿನ್ನನ್ನು ಬರಿಗಾಲಲ್ಲಿ ನಿಲ್ಲಿಸಿ ಅಳೆದು, ವಾಪಸು ಕಳಿಸುತ್ತಾರಂತೆ. ಇದು ನಿನ್ನ ಕೈಸೇರುವ ಹೊತ್ತಿಗೆ ಅದೆಲ್ಲ ಮುಗಿದಿರುತ್ತದೆ, ಬೇಕೆಂದೇ ತಡವಾಗಿ ಅಂಚೆಗೆ ಹಾಕುತ್ತಿದ್ದೇನೆ. ನಿನಗೆ ಹೇಳದೆ ಮಾಡಿದೆ, ನಿನ್ನಿಂದಲೇ ಕಲಿತದ್ದು. ಮನೆಗೆ ಬಾ, ಎದುರಿಗೆ ನಿಂತು ಬೈ.